ಮಷಿನ್ ಹಚ್ಚಿದೊಡನೆ ನಿಂತ ನೋವು

ಜಯನಗರ, 14 ಜೂನ್ 1999, ಸೋಮವಾರ ರಾತ್ರಿ

1. ಬಿ.ಟಿ.ಎಂ. ಬಡಾವಣೆಯಿಂದ ಬಂದ ಅನ್ನಪೂರ್ಣ, ಏಳು ವರ್ಷ; ನಿನ್ನೆಯಿಂದ ಬಲ ಕಿಬ್ಬೊಟ್ಟೆಯಲ್ಲಿ ನೋವು, ಜ್ವರ.
2. ಕರುಳಿನ ವಾಯು ಅಡ್ಡ ಬಂದು, ನನ್ನ ಸ್ಕ್ಯಾನಿಂಗ್‌ನಲ್ಲಿ ಅಪೆಂಡಿಕ್ಸ್ ಕಾಣಲಿಲ್ಲ.
3. ಸ್ಕ್ಯಾನಿಂಗ್ ನಡೆದಿರುವಾಗಲೇ ನೋವು ಒಮ್ಮೆಲೇ ನಿಂತಿತು.

ಅಜ್ಜಿ ರೇಣವ್ವ ಕೈಮುಗಿದರು. "ಮಷಿನ್ ಹಚ್ಚಿದ್ದ ತಡ, ನೋವು ಹೋತ್ರೀ ಸಾಹೇಬ್ರ! ಇನ್ನ ಮನಿಗೆ ಹೋಗ್ತೀವ್ರಿ."

"ಅದು ಬರೀ ನೋಡೋ ಮಷಿನ್ ಅಮ್ಮ, ವಾಸಿ ಮಾಡಲ್ಲ."

"ದೊಡ್ಡವ್ರು ಹಂಗ ಅಂತೀರಿ ಬಿಡ್ರಿ," ಎಂದು ನಕ್ಕರು.

ಅಪೆಂಡಿಕ್ಸ್ ಒಡೆದಾಗಲೂ ನೋವು ಹೀಗೆಯೇ ಕೆಲಹೊತ್ತು ನಿಲ್ಲುವುದುಂಟು. ಒಡೆದಿದೆ ಎನ್ನಲು ಚಿತ್ರದಲ್ಲಿ ಆಧಾರವಿಲ್ಲ, ಇಲ್ಲವೆನ್ನಲೂ ಇಲ್ಲ. ಮಗು ಮಾತ್ರ ಮಗ್ಗುಲು ಬದಲಿಸಲೂ ಒಲ್ಲದೆ ಮಲಗಿದೆ; ಒಡೆದು ಸೋಂಕು ಹೊಟ್ಟೆಯೊಳಗೆ ಹರಡಿದರೂ ಹೀಗೆಯೇ ಅಲುಗಾಡದೆ ಮಲಗುತ್ತಾರೆ.

ವರದಿಯಲ್ಲಿ 'ನಾರ್ಮಲ್' ಎಂದು ಬರೆಯಲಿಲ್ಲ. ಸರ್ಜನ್‌ಗೆ ಫೋನ್ ಮಾಡಿದೆ, ಇಲ್ಲಿಗೆ ಬರಲು ಹೊರಟಿದ್ದಾರೆ. ಅವರು ಬಂದು ಹೊಟ್ಟೆ ಮುಟ್ಟಿ ನೋಡುವವರೆಗೆ ಮಗುವನ್ನು ಮನೆಗೆ ಬಿಡುವುದಿಲ್ಲ.