ಗಿರಣಿಯ ಖರೀದಿ ಪತ್ರ

ಸೆಪ್ಟೆಂಬರ್ 12, ಕಾಗವಾಡ
ಬೆಳಿಗ್ಗೆ ಮೂರು ಚೀಲ ಜೋಳ ಬೀಸಿದೆ. ಮಧ್ಯಾಹ್ನ ಅಥಣಿಗೆ ಹೋಗಿ ಖರೀದಿಯ ಕರಾರು ರಿಜಿಸ್ಟರ್. ಆರು ವರ್ಷ ಬಾಡಿಗೆಗೆ ನಡೆಸಿದ ಹಿಟ್ಟಿನ ಗಿರಣಿ, ಇನ್ನು ನನ್ನದಾಗುತ್ತೆ! ಮಾಲಕ ಸಂಭಾಜಿ ಅಣ್ಣನಿಗೆ ಎರಡು ಲಕ್ಷ ಮುಂಗಡ. ಉಳಿದ ಆರು ಲಕ್ಷ ಖರೀದಿ ಪತ್ರದ ದಿನ. ನಮ್ಮ ಯಜಮಾನರದು ಒಂದೇ ಗೊಣಗು — "ಸಂಭಾಜಿ ಏನ ಓಡಿ ಹೋಗ್ತಾನ? ಕರಾರಿಗೂ ರಿಜಿಸ್ಟರ್ ಯಾಕ ಬೇಕಿತ್ತ? ಸುಮ್ನ ರೊಕ್ಕ ದಂಡ." ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಸೆಪ್ಟೆಂಬರ್ 17
ನಾಳೆಯಿಂದ ಪಿತೃಪಕ್ಷ. ಈಗ ಖರೀದಿ ಬೇಡವೇ ಬೇಡ ಅಂದರು ಅತ್ತೆ. "ದಸರಾ ದಿನಾನ ಮಾಡೂಣು ಬೇ. ಅವತ್ತ ಮುಹೂರ್ತ ನೋಡೂದ ಬ್ಯಾಡ." ಆಯ್ತು, ದಸರಾ.

ಅಕ್ಟೋಬರ್ 12, ದಸರಾ
ಹೊಸ ಇಳಕಲ್ ಸೀರೆ, ಪೇಢೆ, ಬಾಡಿಗೆ ಜೀಪು, ಎಂಟು ಮಂದಿ. ಅಥಣಿ ರಿಜಿಸ್ಟರ್ ಕಚೇರಿಗೆ ಬೀಗ! ದಸರಾಕ್ಕೆ ಸರ್ಕಾರಿ ರಜೆ — ಎಂಟರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೆಟ್ಟಿಲ ಮೇಲೆ ಕೂತು ಪೇಢೆ ತಿಂದು ವಾಪಸ್. ನಕ್ಕು ನಕ್ಕು ಹೊಟ್ಟೆನೋವು.

ಅಕ್ಟೋಬರ್ 14
ನಗು ಎಲ್ಲಿ ಹೋಯ್ತೋ. ಗಿರಣಿ ಬಾಗಿಲಿಗೆ ಕೋರ್ಟಿನ ಜಪ್ತಿ ನೋಟೀಸು. ತೀರ್ಪಿನ ತನಕ ಬೀಸಲು ಅಡ್ಡಿಯಿಲ್ಲ, ಮಾರುವಂತಿಲ್ಲ. ಗೊಬ್ಬರದಂಗಡಿ ಮುರಗೆಪ್ಪನಿಗೆ ಸಂಭಾಜಿ ಅಣ್ಣ ಒಂಬತ್ತು ಲಕ್ಷ ಕೊಡಬೇಕಂತೆ. ನಮಗೆ ಹೇಳಿಯೇ ಇರಲಿಲ್ಲ. ಗಿರಣಿ ಹರಾಜಾದರೆ ನಾನೆಲ್ಲಿಗೆ? ನಾಳೆಯೇ ವಕೀಲರನ್ನು ಹಿಡಿದು ಕೋರ್ಟಿನಲ್ಲಿ ತಕರಾರು ಹಾಕಬೇಕು.

ನವೆಂಬರ್ 3
ಮುರಗೆಪ್ಪ ಗೋಧಿ ಡಬ್ಬಿ ಹಿಡಿದು ಬಂದಿದ್ದ!
"ಜಗಳ ಕೋರ್ಟಿನಾಗ ಇರ್ಲಿ ವೈನಿ. ಚಪಾತಿಗೆ ನಿಮ್ಮ ಹಿಟ್ಟ ಬೇಕ್ರಿ."
ಮುಖ ಗಂಟಿಕ್ಕಿಕೊಂಡೇ ಬೀಸಿಕೊಟ್ಟೆ. ನುಣ್ಣಗೇ ಬೀಸಿದೆ. ಗೋಧಿ ಏನು ತಪ್ಪು ಮಾಡಿತ್ತು?

ಮಾರ್ಚ್ 21
ಗೆದ್ದೆ! ಜಪ್ತಿಗಿಂತ ಮೊದಲೇ ಕರಾರು ರಿಜಿಸ್ಟರ್ ಆಗಿದೆ — ನಮ್ಮ ವಕೀಲರು ಯಾಸ್ಮಿನ ಮೇಡಮ್ ಅದೊಂದನ್ನೇ ಹಿಡಿದು ವಾದ ಮಾಡಿದರು. ಗಿರಣಿ ನನಗೆ. ನಾನು ಕೊಡಬೇಕಾದ ಆರು ಲಕ್ಷ ಕೋರ್ಟಿನ ಮೂಲಕ ಮುರಗೆಪ್ಪನಿಗೆ. ಉಳಿದದ್ದು ಅವನುಂಟು, ಸಂಭಾಜಿ ಅಣ್ಣ ಉಂಟು. ಯಜಮಾನರು ದಾರಿಯುದ್ದಕ್ಕೂ — "ನಾನ ಹೇಳಿದ್ದೆ, ರಿಜಿಸ್ಟರ್ ಮಾಡ್ಸು ಅಂತ!" ಬೈಕಿನ ಹಿಂದೆ ಕೂತವಳು ಬೆನ್ನಿಗೊಂದು ಗುದ್ದಿದೆ.

ಮಾರ್ಚ್ 24, ಸಂಜೆ
ಖರೀದಿ ಆಯ್ತು. ಕಚೇರಿಯಲ್ಲಿ ಗುಮಾಸ್ತ ಯಜಮಾನರ ಕಡೆ ನೋಡಿ, "ಮಾಲಕ್ರು ಮುಂದ ಬರ್ರಿ" ಅಂದ. ಇವರು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. "ಮಾಲಕ್ರು ಇವ್ರ ಅದಾರ್ರಿ." ಅಷ್ಟೇ ಅಂದದ್ದು. ನನಗೆ ಕಣ್ಣು ತುಂಬಿ, ಸಹಿ ಎಲ್ಲಿ ಹಾಕಿದೆನೋ, ಹೆಬ್ಬೆಟ್ಟು ಎಲ್ಲಿ ಒತ್ತಿದೆನೋ...
ಬಾಗಿಲ ಮೇಲೆ ನನ್ನ ಹೆಸರು ಬರೆಸಬೇಕು — ರೂಪಾಲಿ ಹಿಟ್ಟಿನ ಗಿರಣಿ. ಅಕ್ಷರ ದೊಡ್ಡವಿರಬೇಕು, ಬಸ್‌ಸ್ಟ್ಯಾಂಡಿನಿಂದಲೇ...
ಗಿರಣಿ ಬಾಗಿಲಲ್ಲಿ ಯಾರೋ ಡಬ್ಬಿ ಬಡಿಯುತ್ತಿದ್ದಾರೆ. ಬಂದೆ —