ಹದಿನೇಳು ಚಲನೆ

ಮನೆಯಿಂದ,
ಹದಿನಾಲ್ಕನೇ ತಾರೀಕು, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಚೂಟಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯೇ? ಊಟ ಸೇರುತ್ತಿದೆಯೇ? ಬಲಗೈ ಬೆರಳುಗಳನ್ನು ಸ್ವಲ್ಪವಾದರೂ ಮಡಚಲು ಬರುತ್ತಿದೆಯೇ? ಚಿಕ್ಕಮ್ಮನಿಗೆ ಭಾರವಾದೆ ಎಂದು ಕೊರಗಬೇಡ, ಅವಳಿಗೆ ಮಾತಾಡಲು ಒಬ್ಬರು ಸಿಕ್ಕಿದರೆ ಸಾಕು. ಅವಳ ಕಾಗದದ ಕೊನೆಯಲ್ಲಿ ನೀನು ಎಡಗೈಯಲ್ಲಿ ಬರೆದ ಎರಡು ಸಾಲು ಕಂಡೆ. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. “ನನ್ನ ಕೈಯೇ ಸರಿಯಿಲ್ಲ ಅಕ್ಕಾ, ಹುಟ್ಟಿನಿಂದ ಬಂದದ್ದು ಅಂತ ಡಾಕ್ಟರೇ ಬರೆದಿದ್ದಾರೆ. ನಿನ್ನ ಹೆಸರು ಕೆಡಿಸಿದೆ.” ಓದಿ, ಒಲೆಯ ಮುಂದೆ ನಿಂತೇ ಅತ್ತುಬಿಟ್ಟೆ. ಹಾಲು ಉಕ್ಕಿ ಹೋಯಿತು.

ಇಲ್ಲಿಯ ಸುದ್ದಿಗೆ ಬರುತ್ತೇನೆ. ಕಾರ್ಖಾನೆಯ ಬಾಗಿಲ ಪಕ್ಕ ನನ್ನ ಫೋಟೋ ತೂಗುಹಾಕಿದ್ದಾರೆ. ಕೈಕೆಲಸದ ಚಲನೆಗಳನ್ನು ಅಳೆದ ಮೊದಲ ಎಂಜಿನಿಯರ್ ಎಂದು ಕೆಳಗೆ ಬರೆಸಿದ್ದಾರೆ. ನೋಡಲು ಬಂದವರಿಗೆಲ್ಲ ನಿನ್ನ ಫಿಲಂ ತೋರಿಸುತ್ತಾರೆ. ಕೈ ಓಡುವ ದಾರಿ ಬೆಳಕಿನ ಗೆರೆಯಾಗಿ ಮೂಡಲೆಂದು ನಿನ್ನ ಬೆರಳುಗಳಿಗೆ ಪುಟ್ಟ ಬಲ್ಬು ಕಟ್ಟಿ, ಕಿಟಕಿಗಳನ್ನೆಲ್ಲ ಮುಚ್ಚಿಸಿ ತೆಗೆದೆನಲ್ಲ, ಅದೇ. ಅವತ್ತು ನೀನು, “ಹಲ್ಲುಜ್ಜೋದಕ್ಕೂ ಗಡಿಯಾರ ಹಿಡೀತೀಯಲ್ಲೇ ಅಕ್ಕಾ, ನಿನ್ನ ಕಟ್ಕೊಳ್ಳೋನ ಗತಿ ಏನೇ?” ಎಂದು ಇಡೀ ಶೆಡ್ಡನ್ನೇ ನಗಿಸಿದ್ದೆ. ನಾನೂ ನಕ್ಕಿದ್ದೆ.

ಔಷಧಿ ಸೀಸೆಗಳನ್ನು ಪೆಟ್ಟಿಗೆಗೆ ತುಂಬುವುದರಲ್ಲಿ ನಿನ್ನಷ್ಟು ಚುರುಕು ಯಾರೂ ಇರಲಿಲ್ಲ. ಹಾಗಾಗಿ ನಿನ್ನನ್ನೇ ಅಳತೆಗೆ ಆರಿಸಿದೆ. ಒಂದು ಪೆಟ್ಟಿಗೆಗೆ ನಿನ್ನ ಕೈ ಹದಿನೇಳು ಸಲ ಚಲಿಸುತ್ತಿತ್ತು, ನಾನು ಅದನ್ನು ಹನ್ನೊಂದಕ್ಕೆ ಇಳಿಸಿದೆ. ಪೆಟ್ಟಿಗೆ ಮುಚ್ಚಿದ ಮೇಲೆ ನೀನು ಬಲಗೈಯನ್ನು ಮಡಿಲಿಗೆ ತಂದು ಎಡಗೈಯಿಂದ ಒಮ್ಮೆ ಒತ್ತಿಕೊಳ್ಳುತ್ತಿದ್ದೆ. ಚಲನೆಗಳ ಪಟ್ಟಿಯಲ್ಲಿ ಅದರ ಮುಂದೆ ಕೆಂಪು ಪೆನ್ಸಿಲಿನಲ್ಲಿ ‘ವ್ಯರ್ಥ’ ಎಂದು ಬರೆದವಳು ನಾನು. ಶೆಡ್ಡಿನ ಹಿರಿಯ ಕೆಲಸದಾಕೆ, ನೀವೆಲ್ಲ ದೊಡ್ಡಮ್ಮ ಅನ್ನುತ್ತೀರಲ್ಲ, ಅವಳು ನನ್ನ ಕೋಣೆಗೇ ಬಂದು ಹೇಳಿದ್ದಳು: “ಅದು ಕೈ ಉಸಿರಾಡೋ ಹೊತ್ತು ಕಣಮ್ಮಾ, ಅದನ್ನ ಮಾತ್ರ ತೆಗೀಬೇಡ.” ಓದು ಬರಹ ಗೊತ್ತಿಲ್ಲದವಳ ಮಾತು ಎಂದು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಜಂಬಕ್ಕೆ ಬೆಂಕಿ ಬೀಳಲಿ.

ನೀನು ಒಂದು ಸಲವೂ ನೋವು ಅನ್ನಲಿಲ್ಲ. ಅಕ್ಕನ ಲೆಕ್ಕ ತಪ್ಪಬಾರದೆಂದು ಒಂಬತ್ತು ತಿಂಗಳು ಹಲ್ಲುಕಚ್ಚಿ ತುಂಬಿದೆ. ಜಡೆ ಹಾಕಿಕೊಳ್ಳಲು ಆಗದೆ ನೀನು ಬಾಚಣಿಗೆ ಹಿಡಿದು ನನ್ನ ಮುಂದೆ ಬಂದು ಕೂತ ದಿನ, ಸೋಮಾರಿ ಎಂದು ಬೈದು, ಗಡಿಬಿಡಿಯಲ್ಲಿ ಹೆಣೆದು ಕಳಿಸಿದೆ. ಆ ಜಡೆ ನೆನಪಾದರೆ ಅನ್ನ ಇಳಿಯುವುದಿಲ್ಲ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ಬಿಸಿನೀರಿನ ಶಾಖ ಬಿಡಬೇಡ. ನೀನು ನೂರು ಕಾಲ ಚೆನ್ನಾಗಿರು ತಾಯಿ.

ಇಂತಿ ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಡಾಕ್ಟರು ತಾವಾಗಿ ಹಾಗೆ ಬರೆಯಲಿಲ್ಲ. ಚಿಕ್ಕಂದಿನಲ್ಲೂ ಇವಳ ಕೈ ಹೀಗೇ ಇತ್ತೇ ಎಂದು, ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ, ನನ್ನನ್ನು ಕೇಳಿದರು. ಹೌದು ಅಂದೆ. ನನ್ನ ಹನ್ನೊಂದು ಉಳಿಯಲೆಂದು ಅಂದೆ. ನಿನ್ನೆ ಕಾರ್ಖಾನೆಗೆ ಹೋಗಿ, ಡಾಕ್ಟರಿಗೆ ಸುಳ್ಳು ಹೇಳಿದೆನೆಂದು ಸಹಿ ಹಾಕಿ ಕೊಟ್ಟು, ಕೆಲಸ ಬಿಟ್ಟು ಬಂದೆ. ನೀನು ನನ್ನ ಮುಖ ನೋಡದಿದ್ದರೂ ಸರಿ, ಇದೊಂದನ್ನು ನಂಬು. ನಿನ್ನ ಕೈ ಚೆನ್ನಾಗಿಯೇ ಇತ್ತು ಚೂಟಿ.