ನನ್ನ ಹೆಸರಿನ ಓಟು

ಕಳ್ಳಂಬೆಳ್ಳ ಹೋಬಳಿ,
ಹಟ್ಟಿಯ ಹೊರಗಿನ ಗುಡಿಸಲು
ತಾ. ೨೨-೧-೧೯೮೭

ನಮ್ಮ ಮಗಳ ಅಪ್ಪನವರಿಗೆ ಜುಂಜಮ್ಮ ಮಾಡುವ ನಮಸ್ಕಾರಗಳು.

ನಾನು, ಮಗು ಇಬ್ಬರೂ ಕ್ಷೇಮ. ನಿಮ್ಮ ಕೆಮ್ಮು ಹೇಗಿದೆ? ಚಾನಲ್ ಗದ್ದೆಯ ಥಂಡಿಯಲ್ಲಿ ಮಂದೆ ಕಾಯುವಾಗ ಬರೀ ಕಂಬಳಿ ಹೊದ್ದು ಮಲಗಬೇಡಿ, ಕೆಳಗೆ ಹುಲ್ಲು ಹಾಸಿಕೊಳ್ಳಿ. ಎಷ್ಟು ಕುರಿ ಈದಿವೆ, ಮರಿಗಳು ಹೇಗಿವೆ, ಬರೆಸಿ. ಮಗು ನಿಮ್ಮ ಹಾಗೆಯೇ ಹಣೆ ಗಂಟಿಕ್ಕಿಕೊಂಡು ಮಲಗುತ್ತದೆ, ಯಾರ ಮೇಲೆ ಸಿಟ್ಟೋ ತಿಳಿಯದು. ಈ ಕಾಗದವನ್ನು ಮಾತ್ರ ಟಪಾಲು ತೆಗೆದಿಡುವ ಹೋಟೆಲಿನವರ ಕೈಲಿ ಓದಿಸಬೇಡಿ. ನಾನು ಕಲಿಸಿದಷ್ಟು ಅಕ್ಷರದಲ್ಲಿ ನೀವೇ ಕೂಡಿಸಿ ಓದಿ, ಒಂದು ದಿನ ಹಿಡಿದರೂ ಚಿಂತೆಯಿಲ್ಲ.

ಇಲ್ಲಿ ದೊಡ್ಡ ರಾದ್ಧಾಂತವೇ ಆಗಿದೆ. ಮಂಡಲ ಪಂಚಾಯ್ತಿಗೆ ನಿಮ್ಮಣ್ಣ ಓಬಳಪ್ಪ ಭಾವ ನಿಂತದ್ದು ನಿಮಗೆ ಗೊತ್ತು. ನೀವು ಮಂದೆ ಹೊಡೆದುಕೊಂಡು ಹೊರಡುವ ಹಿಂದಿನ ದಿನ ಹಟ್ಟಿಯವರನ್ನೆಲ್ಲ ಗುಡಿ ಮುಂದೆ ಕೂರಿಸಿ, “ಓಟು ಆಕ್ದೇ ಇರೋರ್ಗೆ ಈ ಅಟ್ಟೀಲಿ ಬೆಂಕಿ ಇಲ್ಲ, ನೀರಿಲ್ಲ, ತಿಳ್ಕಳ್ಳಿ” ಅಂದರಲ್ಲ, ಆಗ ನನಗೇನೂ ಕೆಟ್ಟದ್ದನ್ನಿಸಲಿಲ್ಲ. ಹೋದ ಸಲ ಕಳೆ ಕೀಳುವುದಿದೆ, ಸಂತೆಯಿದೆ ಅಂತ ಅರ್ಧ ಹಟ್ಟಿ ಬೂತಿನ ಕಡೆ ತಲೆ ಹಾಕಿರಲಿಲ್ಲ. ಹೆದರಿಸಿಯಾದರೂ ಹೊರಡಿಸಲಿ, ಮನೆ ಬಿಟ್ಟು ಕದಲದ ಮುದುಕಿಯರೂ ಒಂದು ಸಲ ಚೀಟಿಯ ಮೇಲೆ ಮುದ್ರೆ ಒತ್ತಿ ನೋಡಲಿ ಅಂತ ನಾನೂ ಬಸುರಿ ಹೊಟ್ಟೆ ಹಿಡಿದುಕೊಂಡು ತಲೆಯಾಡಿಸಿದ್ದೆ. ಈಗ ಅದನ್ನು ನೆನೆದರೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ.

ಬಾಣಂತಿ ಹಟ್ಟಿಯ ಹೊರಗಿರಬೇಕು, ಜನರ ನಡುವೆ ಸುಳಿಯಬಾರದು ಅನ್ನುವುದನ್ನು ಮೀರುವ ಯೋಚನೆ ನನಗಿರಲಿಲ್ಲ. ನನ್ನಮ್ಮನೂ ಹೀಗೆ ಗುಡಿಸಲಲ್ಲಿ ಕೂತು ಎದ್ದವಳೇ. ಅದಕ್ಕೇ ಮುಂಚೆಯೇ ಹೇಳಿ ಕಳಿಸಿದ್ದೆ, ಎಲ್ಲರದ್ದೂ ಮುಗಿದ ಮೇಲೆ, ಸಂಜೆ, ದೂರ ನಿಂತು ಹಾಕಿ ಬರುತ್ತೇನೆ ಅಂತ. ಓಟಿನ ದಿನ ಬೆಳಿಗ್ಗೆ, ದಿನಾ ನನಗೆ ಊಟ ತಂದಿಡುವ ರಂಗಕ್ಕ ಬಿಸಿನೀರು, ಮುದ್ದೆ ತಂದು ಕಲ್ಲಿನ ಮೇಲಿಟ್ಟು, “ನಿನ್ ಓಟು ನಾನೇ ಆಕ್ಬುಟ್ಟು ಬತ್ತೀನಿ ಕಣಮ್ಮ. ನಿಮ್ ಭಾವ ಅಂಗೇ ಮಾಡು ಅಂದವ್ರೆ” ಅಂದಳು. ಹಾಗಾದರೆ ಹೋಗದವರಿಗೆ ನೀರಿಲ್ಲ ಅಂದ ಕಟ್ಟಳೆ ಏನಾಯಿತು ಅಂತ ಕೇಳಿದೆ. “ನಿಂದು ಬಿದ್ದಂಗೇ ಲೆಕ್ಕ” ಅಂದವಳೇ ಮುಖ ತಿರುಗಿಸಿಕೊಂಡು ಹೋದಳು. ನೋಡಿ, ಹೋಗಲೇಬೇಕು ಅಂದ ಬಾಯಿಯೇ ಹೋಗಬಾರದು ಅನ್ನುತ್ತಿದೆ. ಅವರಿಗೆ ಬೇಕಾಗಿದ್ದದ್ದು ನನ್ನ ಹೆಸರು, ನಾನಲ್ಲ.

ತಡೆಯಲಾಗಲಿಲ್ಲ. ಮಗುವನ್ನು ಸೀರೆ ತುಂಡಿನಲ್ಲಿ ಎದೆಗೆ ಕಟ್ಟಿಕೊಂಡು ಊರ ಸ್ಕೂಲಿಗೆ ನಡೆದೆ. ಹೆತ್ತು ಹನ್ನೊಂದು ದಿನ, ಮೂರು ಕಡೆ ಕೂತು ಎದ್ದೆ. ಸ್ಕೂಲಿನ ಮುಂದೆ ಐವತ್ತು ಜನರ ಸಾಲಿತ್ತು, ನನ್ನನ್ನು ಕಂಡದ್ದೇ ತಡ ಎಲ್ಲರೂ ಪಕ್ಕಕ್ಕೆ ಸರಿದರು. ಮುಟ್ಟಬಾರದವಳಿಗೆ ಆದ ಲಾಭ ಅದೊಂದೇ. ಒಳಗೆ ಆಫೀಸರು ಪಟ್ಟಿ ನೋಡಿ, “ನಿಮ್ ಓಟು ಆಗೋಗಿದೆಯಲ್ಲಮ್ಮ” ಅಂದರು. ಎಡಗೈ ಮುಂದೆ ಹಿಡಿದೆ, ಬೆರಳಲ್ಲಿ ಮಸಿಯಿರಲಿಲ್ಲ. ಯಾರು ಹಾಕಿದ್ದು ಹೇಳಿ, ಪೊಲೀಸಿಗೆ ಕೊಡುತ್ತೇನೆ ಅಂದರು. ಬಾಗಿಲ ಹತ್ತಿರ ರಂಗಕ್ಕ ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡು ನಿಂತಿದ್ದಳು. ನನ್ನ ಓಟು ಹಾಕಿದ ಮೇಲೆ, ತನ್ನದನ್ನೂ ಹಾಕಬೇಕಲ್ಲ, ಮಸಿ ಹೋಗಲಿ ಅಂತ ಬೆರಳನ್ನು ಕಲ್ಲಿಗೆ ಉಜ್ಜಿ ಉಜ್ಜಿ ಚರ್ಮ ಕಿತ್ತುಕೊಂಡಿದ್ದಳು. ಅವಳಿಗೂ ಅದೇ ಬೆಂಕಿ, ಅದೇ ನೀರಿನ ಹೆದರಿಕೆ. ನನಗೆ ಗೊತ್ತಿಲ್ಲ ಸಾರ್ ಅಂದುಬಿಟ್ಟೆ.

ಆಫೀಸರು ಬೇರೆ ಚೀಟಿ ಕೊಟ್ಟು, ನಾನು ಮುದ್ರೆ ಒತ್ತಿ ಮಡಚಿ ಕೊಟ್ಟ ಮೇಲೆ ಪೆಟ್ಟಿಗೆಗೆ ಹಾಕದೆ ಒಂದು ಕವರಿನೊಳಗಿಟ್ಟರು. ಇದನ್ನು ಎಣಿಸುತ್ತೀರಾ ಅಂತ ಕೇಳಿದ್ದಕ್ಕೆ, “ರೂಲ್ಸು ಇರೋದೇ ಇಷ್ಟಮ್ಮ” ಅಂದು ತಲೆ ತಗ್ಗಿಸಿಕೊಂಡರು. ಎಣಿಸುವುದಿಲ್ಲ ಅಂತ ಅರ್ಥವಾಯಿತು. ಆದರೂ ಬೆರಳಿಗೆ ಮಸಿ ಹಚ್ಚಿಸಿಕೊಂಡೇ ಬಂದೆ. ಹಾಂ, ನಿಮ್ಮದೂ ಬಿದ್ದಿದೆ ಮಹರಾಯರೇ! ಹರಿಹರದ ಕಡೆ ಕುರಿ ಕಾಯುತ್ತಿದ್ದವರು ಬೆಳಿಗ್ಗೆ ಎಂಟು ಗಂಟೆಗೇ ಬಂದು ಹಾಕಿ ಹೋದಿರಂತೆ. ನನ್ನನ್ನು ಮಾತಾಡಿಸದೆ ಹೋದಿರಲ್ಲ!

ಹೊರಗೆ ಬಂದಾಗ ಭಾವ ಹುಣಸೆಮರದ ಕೆಳಗಿದ್ದರು. ನನ್ನ ಮುಖ ನೋಡಲಿಲ್ಲ, ಸುತ್ತ ನಿಂತವರಿಗೆ, “ಅಟ್ಟಿ ಮಾನ ಬೀದೀಗ್ ಆಕ್ಬುಟ್ಲು. ನನ್ ವಿರುದ್ದ ಓಟ್ ಒತ್ತಕ್ಕೇ ಮೈಲಿಗೇಲಿ ಓಡ್ಬಂದವ್ಳೆ, ನೋಡ್ರಲಾ” ಅಂದರು. ಈ ಸೋಮವಾರ ಗುಡಿ ಮುಂದೆ ಮತ್ತೆ ಕೂರುತ್ತಾರೆ. ನೀವು ಬಂದು ತಪ್ಪುಕಾಣಿಕೆ ಕಟ್ಟಿ, ಹೆಂಗಸಿನ ತಿಳಿಗೇಡಿತನ ಅಂತ ಅಡ್ಡಬಿದ್ದರೆ ಬಾಣಂತನದ ಮೂರು ತಿಂಗಳು ಕಳೆದ ಮೇಲೆ ನನ್ನನ್ನೂ ಮಗುವನ್ನೂ ಒಳಗೆ ಬಿಡುತ್ತಾರಂತೆ. ಇಲ್ಲದಿದ್ದರೆ ಇಲ್ಲ. ನಿಮ್ಮನ್ನು ಕರೆತರಲು ನಾಡಿದ್ದು ಆಳು ಹೊರಡುತ್ತಾನಂತೆ. ನನಗೆ ಭಯವಾಗುತ್ತಿದೆ, ಸುಳ್ಳು ಯಾಕೆ ಹೇಳಲಿ. ಊಟವನ್ನು ರಂಗಕ್ಕ ಕದ್ದು ತಂದಿಡುತ್ತಾಳೆ, ಅವಳಿಗೂ ಬಯ್ಗುಳ. ನನಗಾಗಿ ನೀವು ಅಡ್ಡಬಿದ್ದರೆ ಮಾತ್ರ ನನ್ನ ಹೊಟ್ಟೆಗೆ ಅನ್ನ ಸೇರುವುದಿಲ್ಲ. ಮಗಳನ್ನು ನೋಡುವುದಕ್ಕಾದರೆ ಬನ್ನಿ, ಗುಡಿ ಕಡೆ ಹೋಗದೆ ನೆಟ್ಟಗೆ ಈ ಗುಡಿಸಲಿಗೇ ಬನ್ನಿ.

ಮರಿಗಳನ್ನು ಜೋಪಾನ ಮಾಡಿ. ಮಗಳ ಕಡೆಯಿಂದ ನಿಮ್ಮ ಗಡ್ಡಕ್ಕೆ ಒಂದು ಮುತ್ತು.

ಇಂತಿ ನಿಮ್ಮವಳು,
ಜುಂಜಮ್ಮ

ವಿ.ಸೂ.: ಟಪಾಲಿನ ಕದರಪ್ಪ ಬಂದು ದೂರದಲ್ಲಿ ನಿಂತಿದ್ದಾನೆ, ಬೇಗ ಬೇಗ ಅನ್ನುತ್ತಿದ್ದಾನೆ. ನಿಮಗೊಬ್ಬರಿಗೇ ಹೇಳುತ್ತೇನೆ. ಆ ಕವರಿನೊಳಗಿನ ಚೀಟಿಯಲ್ಲಿ ನಾನು ಮುದ್ರೆ ಒತ್ತಿದ್ದು ಭಾವನಿಗೇ. ನಿಂತವರಲ್ಲಿ ಅವರೇ ವಾಸಿ ಅಂತ ಮೊದಲಿಂದಲೂ ನನ್ನ ಮನಸ್ಸಿನಲ್ಲಿತ್ತು. ಇದೊಂದು ಮಾತು ಹೊರಗೆ ಬಿದ್ದರೆ ಸೋಮವಾರವೇ ನನ್ನನ್ನು ಒಪ್ಪಿಕೊಳ್ಳುತ್ತಾರೆ, ಅದು ನನಗೆ ಗೊತ್ತು. ನಾನು ಹೇಳುವುದಿಲ್ಲ. ನೀವೂ ಹೇಳಬೇಡಿ.